ಎಮರ್ಜೆನ್ಸಿಯಲ್ಲಿ ಫಿಸಿಯೋ: ಆಸ್ಟ್ರೇಲಿಯಾದ ಸರ್ಕಾರಿ ಆಸ್ಪತ್ರೆಗಳ ಈ ಸೇವೆ ಹೇಗಿದೆ?

ಪಾದ ಉಳುಕಿ ಆಸ್ಟ್ರೇಲಿಯಾದ ದೊಡ್ಡ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೆ, ಡಾಕ್ಟರ ಬದಲು ಫಿಸಿಯೋಥೆರಪಿಸ್ಟ್ ಬಂದು ಹೆಸರು ಕರೆಯಬಹುದು. ನಮ್ಮವರಿಗೆ ಮೊದಲು ಅನುಮಾನವೇ ಬರುತ್ತದೆ, ಏಕೆಂದರೆ ಊರಲ್ಲಿ ಫಿಸಿಯೋ ಎಂದರೆ ಡಾಕ್ಟರ್ ಚೀಟಿ ಕೊಟ್ಟ ಮೇಲೆ ಹೋಗುವ ಜಾಗ. ಆಸ್ಟ್ರೇಲಿಯಾದಲ್ಲಿ 1976ರಿಂದಲೇ ಫಿಸಿಯೋಗಳು ಚೀಟಿಯಿಲ್ಲದೆ ರೋಗಿಯನ್ನು ನೇರವಾಗಿ ನೋಡುತ್ತಿದ್ದಾರೆ. ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವರು ಎಕ್ಸ್‌ರೇ ಬರೆಯುವುದು, ನೋಡಿ ಅರ್ಥಮಾಡಿಕೊಳ್ಳುವುದು, ಪ್ಲಾಸ್ಟರ್ ಹಾಕುವುದು ಇವನ್ನೆಲ್ಲ ಹೆಚ್ಚುವರಿಯಾಗಿ ಕಲಿತ ಅನುಭವಿಗಳು. ಉಳುಕು, ತಿರುಚಿದ ಮಂಡಿ, ಹಿಡಿದುಕೊಂಡ ಸೊಂಟ, ಸರಳವಾದ ಮೂಳೆ ಬಿರುಕು ಇಷ್ಟಕ್ಕಾದರೆ ಧೈರ್ಯವಾಗಿ ಒಪ್ಪಿಕೊಳ್ಳಿ.

ಬೇಗ ಆಗುವುದಕ್ಕೂ ಕಾರಣವಿದೆ. ಒಳಗೆ ಬಂದ ಕೂಡಲೇ ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ ಟ್ರಯಾಜ್ ನರ್ಸ್ 1ರಿಂದ (ಅತಿ ತುರ್ತು) 5ರವರೆಗೆ ಒಂದು ಅಂಕಿ ಕೊಡುತ್ತಾರೆ. ಉಳುಕು, ಸೊಂಟನೋವು ಸಾಮಾನ್ಯವಾಗಿ 4 ಅಥವಾ 5. ಅಂದರೆ 60 ಇಲ್ಲವೇ 120 ನಿಮಿಷದೊಳಗೆ ನೋಡಬೇಕೆಂಬ ಗುರಿ. ಡಾಕ್ಟರ ಸಾಲಿನಲ್ಲಿ ಎದೆನೋವು, ಉಬ್ಬಸದವರು ಬಂದಂತೆಲ್ಲ ಉಳುಕಿನವರು ಹಿಂದೆ ಸರಿಯುತ್ತಲೇ ಇರುತ್ತಾರೆ. ಫಿಸಿಯೋ ಅದೇ ಪಟ್ಟಿಯಿಂದ ಮೂಳೆ, ಸ್ನಾಯುವಿನ ತೊಂದರೆಯವರನ್ನಷ್ಟೇ ಆರಿಸಿ ಕರೆಯುವುದರಿಂದ ಅವರಿಗೆ ಬೇರೆಯೇ ಸಾಲು ಸಿಕ್ಕಂತಾಗುತ್ತದೆ.

ಸೇವೆಯ ಗುಣಮಟ್ಟ ಗೊತ್ತಾಗುವುದು ಪಾದ ಒತ್ತಿ ನೋಡುವ ರೀತಿಯಲ್ಲಿ. ಕೆನಡಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ, ಎಕ್ಸ್‌ರೇ ಬೇಕೇ ಬೇಡವೇ ಎಂದು ತೀರ್ಮಾನಿಸುವ ಒಟ್ಟಾವ ನಿಯಮವೇ ಇಲ್ಲಿ ಆಧಾರ. ಪಾದದ ಕೀಲಿನ ಎರಡೂ ಪಕ್ಕ ಉಬ್ಬಿರುವ ಮೂಳೆಗಳ ಹಿಂಬದಿಯ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಒತ್ತಬೇಕು. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿಗೆ ಹೋಗುವ ಉದ್ದ ಮೂಳೆಯ ಬುಡ, ಒಳಬದಿಯ ನೆವಿಕ್ಯುಲರ್ ಮೂಳೆ ಎರಡನ್ನೂ ಒತ್ತಬೇಕು. ಆಮೇಲೆ ನಾಲ್ಕು ಹೆಜ್ಜೆ ನಡೆಸಬೇಕು. ಈ ಜಾಗಗಳಲ್ಲಿ ಮೂಳೆ ನೋಯದೆ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಟ್ಟರೆ ಎಕ್ಸ್‌ರೇ ಬೇಡ. ಎಕ್ಸ್‌ರೇ ತೆಗೆಯಲಿಲ್ಲವೆಂದು ಬೇಸರಪಡುವವರು ಬಹಳ, ಅದಕ್ಕೆ ಕಾರಣವಿಲ್ಲ. ಆದರೆ ಕುಡಿದವರಲ್ಲಿ, ಬೇರೆ ಕಡೆ ದೊಡ್ಡ ಗಾಯವಾದವರಲ್ಲಿ, ಪಾದಕ್ಕೆ ಸ್ಪರ್ಶ ಸರಿಯಾಗಿ ತಿಳಿಯದವರಲ್ಲಿ ಈ ನಿಯಮವನ್ನು ನೆಚ್ಚುವಂತಿಲ್ಲ. ಮಕ್ಕಳ ಮನೆಗೆಂದು ಬಂದ, ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆಯಿರುವ ಅಪ್ಪ ಅಮ್ಮಂದಿರಲ್ಲಿ ಅನೇಕರು ಈ ಕೊನೆಯ ಗುಂಪಿನವರು. ಮೂಳೆ ಮುರಿದಿದ್ದರೂ ಒತ್ತಿದಾಗ ಅವರಿಗೆ ಅಷ್ಟಾಗಿ ನೋಯದಿರಬಹುದು. ಪೆಟ್ಟು ಬಿದ್ದ ನೆನಪೇ ಇಲ್ಲದೆ ಒಂದು ಪಾದ ಬಿಸಿಯಾಗಿ, ಕೆಂಪಾಗಿ ಊದಿದ್ದರೆ ಉಳುಕೆಂದು ಬಿಡಬೇಡಿ. ಅದು ಶಾರ್ಕೋ ಪಾದವೋ (ನರ ಕೆಟ್ಟ ಪಾದದ ಮೂಳೆ, ಕೀಲುಗಳು ಹಾಳಾಗುವ ತೊಂದರೆ) ಸೋಂಕೋ ಇರಬಹುದು, ಡಾಕ್ಟರೇ ನೋಡಬೇಕು. ಸಕ್ಕರೆ ಕಾಯಿಲೆಯ ವಿಷಯವನ್ನು ಕೇಳುವ ಮೊದಲೇ ಹೇಳಿಬಿಡಿ.

ಅವಸರದಲ್ಲಿ ತಪ್ಪಿಹೋಗುವ ಗಾಯಗಳನ್ನು ಹಿಡಿಯುವುದರಲ್ಲೂ ಈ ಫಿಸಿಯೋಗಳ ಕೈ ಪಳಗಿದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ತುಂಡಾಗಿದ್ದರೂ ಬೆರಳು ಮಡಚುವ ಸ್ನಾಯುಗಳ ನೆರವಿನಿಂದ ಪಾದ ಸ್ವಲ್ಪ ಕೆಳಕ್ಕೆ ಬಾಗುತ್ತದೆ. ಬೋರಲು ಮಲಗಿಸಿ ಮೀನಖಂಡ ಹಿಸುಕಿದಾಗ ಪಾದ ಅಲುಗದಿದ್ದರೆ ತುಂಡಾಗಿದೆ ಎಂದೇ ಲೆಕ್ಕ. ಕೈಯೂರಿ ಬಿದ್ದು ಹೆಬ್ಬೆರಳ ಬುಡದ ಗುಳಿ ನೋಯುತ್ತಿದ್ದರೆ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಸ್ಪ್ಲಿಂಟ್ ಹಾಕಿ 10-14 ದಿನಕ್ಕೆ ಮತ್ತೆ ಬರಹೇಳುವುದು ಸರಿಯಾದ ಕ್ರಮ.

ಸೊಂಟನೋವಿನಲ್ಲಿ ಮಾತ್ರ ಎಲ್ಲವೂ ಪ್ರಶ್ನೆಗಳ ಮೇಲೆ ನಿಂತಿದೆ. ಮೂತ್ರ ಬರುತ್ತಿದೆಯೇ, ಕಟ್ಟಿದೆಯೇ? ಮಲದ ಹಿಡಿತ ಇದೆಯೇ? ಕೂತಾಗ ಕುರ್ಚಿಗೆ ತಾಗುವ ಜಾಗದಲ್ಲಿ ಸ್ಪರ್ಶ ತಿಳಿಯುತ್ತದೆಯೇ? ಎರಡೂ ಕಾಲಿಗೆ ನೋವು ಇಳಿಯುತ್ತಿದೆಯೇ? ಇವುಗಳಲ್ಲಿ ಅನುಮಾನ ಬಂದರೆ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು. ಆಗ ಕೆಲಸ ಫಿಸಿಯೋ ಕೈಯಿಂದ ಡಾಕ್ಟರಿಗೆ, ಎಂಆರ್‌ಐಗೆ ದಾಟಬೇಕು, ಅದೂ ತಡವಿಲ್ಲದೆ. ಇಲ್ಲಿ ಭಾಷೆ ದೊಡ್ಡ ತೊಡಕು. ನಾವು ‘ಜೋಮು’ ಎಂದರೆ ಚುಮುಚುಮು ಅನ್ನುವುದೂ ಆಗಬಹುದು, ಮರಗಟ್ಟಿದ್ದೂ ಆಗಬಹುದು. ಫಿಸಿಯೋಗೆ ಬೇಕಾದದ್ದು ಈ ಎರಡರ ವ್ಯತ್ಯಾಸ. ಮಗನೋ ಸೊಸೆಯೋ ಅನುವಾದಿಸುತ್ತಿದ್ದರೆ ಅಮ್ಮ ಮೂತ್ರದ ಮಾತು ಎತ್ತುವುದೇ ಇಲ್ಲ. ಆಸ್ಪತ್ರೆ ಖರ್ಚಿಲ್ಲದೆ ಫೋನಿನಲ್ಲಿ ದುಭಾಷಿಯನ್ನು ಒದಗಿಸುತ್ತದೆ. ‘ಕನ್ನಡ’ ಎಂದೇ ಬಿಡಿಸಿ ಹೇಳಿ, ‘ಇಂಡಿಯನ್’ ಎಂದರೆ ಹಿಂದಿಯವರು ಸಿಗಬಹುದು.

ಊರುಗೋಲು ಕೊಟ್ಟು ಕಳಿಸುವ ರೀತಿಗೆ ಪೂರ್ತಿ ಅಂಕ ಕೊಡಬಹುದು. ಕಂಕುಳಿಗೂ ಊರುಗೋಲಿನ ಮೇಲ್ತುದಿಗೂ ಎರಡು ಮೂರು ಬೆರಳ ಅಂತರ, ಹಿಡಿ ಮಣಿಕಟ್ಟಿನ ಎತ್ತರಕ್ಕೆ, ಮೊಣಕೈ 20-30 ಡಿಗ್ರಿ ಬಾಗಿರಬೇಕು. ಭಾರ ಅಂಗೈ ಮೇಲೆ. ಕಂಕುಳ ಮೇಲೆ ಬಿಟ್ಟರೆ ನರ ಒತ್ತಿ ಮಣಿಕಟ್ಟು ಜೋತುಬೀಳಬಹುದು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಅಲ್ಲೇ ಮೆಟ್ಟಿಲ ಮೇಲೆ ಮಾಡಿಸಿಯೇ ಕಳಿಸಬೇಕು. ಬಾಯಲ್ಲಷ್ಟೇ ಹೇಳಿದರೆ ಮಾಡಿಸಿ ಎಂದು ಕೇಳಿ.

ಕೊರತೆಗಳೂ ಇವೆ. ಹೆಚ್ಚಿನ ಕಡೆ ಈ ಸೇವೆಗೆ ರಾತ್ರಿ ಪಾಳಿ ಇಲ್ಲ. ಸಣ್ಣ ಆಸ್ಪತ್ರೆಗಳಲ್ಲಿ ಸೇವೆಯೇ ಇರದು. ಬಲವಾದ ನೋವಿನ ಮಾತ್ರೆ ಬೇಕಾದರೆ, ಜಾರಿದ ಭುಜವನ್ನು ಮಂಪರು ಕೊಟ್ಟು ಕೂರಿಸಬೇಕಾದರೆ ಡಾಕ್ಟರಿಗಾಗಿ ಕಾಯಲೇಬೇಕು. ಬೇಗ ಮುಗಿಯಬೇಕಾದ ಕೆಲಸ ಎಳೆಯುವುದು ಹೆಚ್ಚಾಗಿ ಇಲ್ಲಿಯೇ. ಇನ್ನೊಂದು ತೂತು ಮನೆಗೆ ಕಳಿಸಿದ ನಂತರದ್ದು. ಊದಿದ ಪಾದದಲ್ಲಿ ಮೊದಲ ದಿನ ಅಸ್ಥಿರಜ್ಜು (ಮೂಳೆಗಳನ್ನು ಜೋಡಿಸುವ ಪಟ್ಟಿ) ಎಷ್ಟು ಹರಿದಿದೆ ಎಂದು ಹೇಳುವುದು ಕಷ್ಟ, ನಾಲ್ಕೈದು ದಿನ ಬಿಟ್ಟು ನೋಡಿದರೆ ಸ್ಪಷ್ಟ. ಆ ಎರಡನೇ ಭೇಟಿ ಎಲ್ಲಿ, ಯಾವ ದಿನ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಹೊರಡಬೇಡಿ.

ಖರ್ಚಿನ ಮಾತು: ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಇದ್ದವರಿಗೆ ಸರ್ಕಾರಿ ಎಮರ್ಜೆನ್ಸಿ ಉಚಿತ. ಆಸ್ಟ್ರೇಲಿಯಾದೊಂದಿಗೆ ಭಾರತಕ್ಕೆ ಪರಸ್ಪರ ಆರೋಗ್ಯ ಒಪ್ಪಂದ ಇಲ್ಲದ್ದರಿಂದ ವಿಸಿಟರ್ ವೀಸಾದಲ್ಲಿ ಬಂದವರಿಗೆ ಬಿಲ್ ಬರುತ್ತದೆ, ನೋಡಿದ್ದು ಫಿಸಿಯೋ ಆದರೂ. ಅಡ್ಮಿಟ್ ಆಗದೆ ಮನೆಗೆ ಕಳಿಸಿದಾಗಲೂ ದುಡ್ಡು ಕೊಡುವ ವಿಮೆಯೇ ಎಂದು ಟಿಕೆಟ್ ತೆಗೆಸುವ ಹೊತ್ತಿಗೇ ನೋಡಿಟ್ಟುಕೊಳ್ಳಿ.