ರಕ್ತರೋಗ ವಿಭಾಗ: ಡಾಕ್ಟರಿಗೆ ಐದು ಸ್ಟಾರ್, ಕೌಂಟರಿಗೆ ಎರಡು

ನಮ್ಮ ಯಜಮಾನರು ಬಿಎಂಟಿಸಿ ಕಂಡಕ್ಟರಾಗಿ ರಿಟೈರಾದವರು, ವಯಸ್ಸು 69. ಬೆನ್ನುನೋವು ಅಂತ ಆರು ತಿಂಗಳು ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ಹಿಮೋಗ್ಲೋಬಿನ್ 8.4ಕ್ಕೆ ಇಳಿದಾಗ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಐರನ್ ಮಾತ್ರೆ ಕೊಟ್ಟರು. ಬಿಳಿ ರಕ್ತಕಣ 38,000 ಇದ್ದದ್ದಕ್ಕೆ 'ಇನ್ಫೆಕ್ಷನ್ ಇರಬೇಕಮ್ಮಾ' ಅಂದರು. ಕೊನೆಗೆ ಮಗಳೇ ಜಗಳ ಮಾಡಿ, ಹನುಮಂತನಗರದಿಂದ ಆಟೋ ಹತ್ತಿಸಿ ಈ ಆಸ್ಪತ್ರೆಗೆ ಕರಕೊಂಡು ಬಂದಳು.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ಚೀಟಿಯ ಹಿಂದೆ ಎರಡು ಸೊನ್ನೆ ಬರೆದರು. ಒಂದು ಮೈಲೋಮ, ಅಂದ್ರೆ ಮಜ್ಜೆಯಲ್ಲಿರೋ ಪ್ಲಾಸ್ಮಾ ಕಣಗಳ ಕ್ಯಾನ್ಸರು. ಇನ್ನೊಂದು ಸಿಎಲ್‌ಎಲ್, ಬಿಳಿ ರಕ್ತಕಣ ನಿಧಾನವಾಗಿ ಹೆಚ್ಚುತ್ತಾ ಹೋಗೋ ಕ್ಯಾನ್ಸರು. ಎರಡೂ ರಕ್ತದ ಕ್ಯಾನ್ಸರೇ, ಎರಡೂ ಬಿ ಕಣ ಅನ್ನೋ ಬಿಳಿ ರಕ್ತಕಣದ ವಂಶದವೇ. ಆದರೆ ಒಂದರ ಕಣಗಳಲ್ಲಿರೋ ಪ್ರೋಟೀನು ಕಪ್ಪಾ ಅನ್ನೋ ಬಗೆಯದು, ಇನ್ನೊಂದರಲ್ಲಿ ಲ್ಯಾಂಬ್ಡಾ ಅನ್ನೋ ಬಗೆಯದು. ಹಾಗಾಗಿ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ ಅಂದರು. 'ಇಬ್ಬರು ಜೇಬುಗಳ್ಳರು ಒಂದೇ ಬಸ್ ಹತ್ತಿದಾರೆ ಅನ್ನಿ' ಅಂದರು ಇವರು. ಡಾಕ್ಟರಮ್ಮ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಎರಡಕ್ಕೂ ಒಟ್ಟಿಗೇ ಔಷಧಿ ಕೊಡಲ್ವಾ ಅಂತ ಕೇಳಿದೆ. ಸಿಎಲ್‌ಎಲ್ ಸದ್ಯ ಸುಮ್ಮನಿದೆ, ಮೂರು ತಿಂಗಳಿಗೊಮ್ಮೆ ರಕ್ತ ನೋಡಿದರೆ ಸಾಕು. ಮೂಳೆ ತಿಂತಾ ಇರೋದು, ರಕ್ತ ಇಳಿಸ್ತಾ ಇರೋದು ಮೈಲೋಮ, ಮೊದಲು ಅದಕ್ಕೆ ಅಂದರು. ಕ್ಯಾನ್ಸರನ್ನ ಸುಮ್ಮನೆ ಬಿಡೋದು ಅಂದ್ರೆ ಏನು ಅಂತ ಮತ್ತೆ ಮತ್ತೆ ಕೇಳಿದೆ. ಬೇಜಾರು ಮಾಡ್ಕೊಳ್ಳದೆ ಹೇಳಿದರು.

ಡೇಕೇರ್ ಸಿಸ್ಟರ್‌ಗಳಿಗೂ ಐದೇ ಸ್ಟಾರ್. ಮಂಗಳವಾರ ಹೊಟ್ಟೆಯ ಚರ್ಮಕ್ಕೆ ಮೈಲೋಮದ ಔಷಧಿ ಬೋರ್ಟೆಜೋಮಿಬ್ ಇಂಜೆಕ್ಷನ್, ಒಂದು ವಾರ ಎಡಗಡೆ, ಇನ್ನೊಂದು ವಾರ ಬಲಗಡೆ. ಚುಚ್ಚೋ ಮುಂಚೆ ಅಂಗಿ ಗುಂಡಿ ಇವರ ಕೈಲೇ ಹಾಕಿಸಿ ನೋಡ್ತಾರೆ, ಆ ಔಷಧಿಯಿಂದ ಬೆರಳು ಜೋಮು ಹಿಡಿದಿದೆಯಾ ಅಂತ. ಆ ದಿನವೇ ಡೆಕ್ಸಾ ಅನ್ನೋ ಸ್ಟೀರಾಯ್ಡ್, ನಾಲ್ಕು ಮಿಲಿಗ್ರಾಂನ ಹತ್ತು ಮಾತ್ರೆ. ಅವತ್ತು ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಹಳೇ ಟಿಕೆಟ್ ಚೀಲಕ್ಕೆ ಪಾಲಿಶ್ ಹಾಕ್ತಾ ಕೂತಿದ್ದರು.

ಇನ್ನು ಇನ್ಶೂರೆನ್ಸ್ ಕೌಂಟರ್. ಎಂಟಕ್ಕೆ ಟೋಕನ್ ತಗೊಂಡರೆ ಕರೆಯೋದು ಹನ್ನೊಂದೂವರೆಗೆ. ಫಾರಂನಲ್ಲಿ ಕಾಯಿಲೆಗೆ ಇರೋದು ಒಂದೇ ಗೆರೆ. 'ಎರಡ್ರಲ್ಲಿ ಒಂದು ಹೇಳಿ ಮೇಡಂ' ಅಂದ ಹುಡುಗ. ಮೈಲೋಮ ಅಂತ ಬರೆಸಿದೆ. ಸಿಎಲ್‌ಎಲ್‌ನ ರಕ್ತಪರೀಕ್ಷೆ ಬಿಲ್ಲು 'ಈ ಕಾಯಿಲೆಗೆ ಸೇರಿದ್ದಲ್ಲ' ಅಂತ ಎರಡು ಸಲ ವಾಪಸ್ ಬಂತು. ಈಗ ಆ ಎರಡು ಸೊನ್ನೆಯ ಚೀಟಿಯ ಜೆರಾಕ್ಸನ್ನೇ ಪ್ರತಿ ಬಿಲ್ಲಿಗೂ ಪಿನ್ ಹಾಕಿ ಕೊಡ್ತೀನಿ.