ತುಮಕೂರಿನಲ್ಲಿ ಹಲ್ಲಿಗೆ ಕ್ಯಾಪ್: ದಂತ ಕಾಲೇಜೋ, ಖಾಸಗಿ ಕ್ಲಿನಿಕ್ಕೋ?

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ಕ್ಯಾಪ್ ಇಲ್ಲದೆ ಅದು ಬೇರಿನವರೆಗೆ ಸೀಳಿದರೆ ಹಲ್ಲನ್ನೇ ಕೀಳಬೇಕಾಗುತ್ತದೆ. ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ಕಾಲೇಜಿನಂಥ ಕಡೆ ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ಖರ್ಚು ಕಡಿಮೆ, ಓಡಾಟ ಜಾಸ್ತಿ. ಬಿಡುವಿದ್ದವರಿಗೆ ನಮ್ಮ ಶಿಫಾರಸು ಅದೇ. ಖಾಸಗಿ ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ ಎರಡು ಭೇಟಿಗೆ ಮುಗಿಯುತ್ತದೆ.

ಮೊದಲ ಭೇಟಿಯಲ್ಲಿ ಹಲ್ಲು ತೇಯ್ದು ಅಳತೆ ತೆಗೆಯುತ್ತಾರೆ. ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್‌ಗೆ ಅಗಿಯುವ ಭಾಗದಲ್ಲಿ 1.5ರಿಂದ 2 ಮಿ.ಮೀ. ಜಾಗ ಬೇಕು, ಪೂರ್ತಿ ಜಿರ್ಕೋನಿಯಾದ (ಲೋಹವಿಲ್ಲದ ಗಟ್ಟಿ ಬಿಳಿ ವಸ್ತು) ಕ್ಯಾಪ್‌ಗೆ ಇನ್ನೂ ಕಡಿಮೆ ಸಾಕು. ತೇಯ್ದದ್ದು ಸಾಲದಿದ್ದರೆ ಪಿಂಗಾಣಿ ತೆಳುವಾಗಿ ಚಕ್ಕೆ ಏಳುತ್ತದೆ. ಕ್ಯಾಪ್‌ಗೆ ಹೊಂದುವ ಬಣ್ಣವನ್ನು, ಹಲ್ಲು ತೇಯುವ ಮುನ್ನವೇ, ಹಗಲು ಬೆಳಕಿನಲ್ಲಿ ನೋಡಿಸಿ. ಪಾವಗಡದ ಕಡೆ ಫ್ಲೋರೈಡ್ ನೀರಿನಿಂದ ಹಲ್ಲು ಕಂದಿದವರಿಗೆ ಅಚ್ಚ ಬಿಳಿ ಕ್ಯಾಪ್ ಎದ್ದು ಕಾಣುತ್ತದೆ. ಎರಡನೇ ಭೇಟಿಯವರೆಗೆ ತಾತ್ಕಾಲಿಕ ಕ್ಯಾಪ್ ಇರುವಾಗ ಮುದ್ದೆ-ಸಾರಿಗೆ ತೊಂದರೆಯಿಲ್ಲ, ಚಕ್ಕುಲಿ ಬೇಡ.

ಎರಡನೇ ಭೇಟಿಯೇ ನಿರ್ಣಾಯಕ. ಅಂಟಿಸುವ ಮುನ್ನ ಪಕ್ಕದ ಹಲ್ಲಿನ ಸಂದಿಯಲ್ಲಿ ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ) ಬಿಗಿಯಾಗಿ ದಾಟಬೇಕು. ಸಡಿಲವಿದ್ದರೆ ಊಟ ಸಿಕ್ಕಿಕೊಳ್ಳುತ್ತದೆ. ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಹಾಕಿದ್ದರೆ ಎತ್ತರ ಸರಿಯಾಗಿ ತಿಳಿಯದು. ಮನೆಗೆ ಬಂದ ಮೇಲೆ ಆ ಹಲ್ಲೇ ಮೊದಲು ತಗುಲಿದರೆ ಸಹಿಸಿಕೊಂಡಿರಬೇಡಿ, ಹೋಗಿ ತೇಯಿಸಿ, ಪಾಲಿಶ್ ಮಾಡಿಸಿ. ಕ್ಯಾಪ್ ಅಂಟಿಸಿದ ಸಿಮೆಂಟ್ ವಸಡಿನಡಿ ಉಳಿದರೆ ರಕ್ತ ಒಸರುವುದೂ ಉಂಟು. ಕ್ಯಾಪ್ ಕಳಚಿದರೆ ಫೆವಿಕ್ವಿಕ್ ಹಚ್ಚದೆ, ಡಬ್ಬಿಯಲ್ಲಿಟ್ಟು ವೈದ್ಯರ ಬಳಿ ಒಯ್ಯಿರಿ.