ನೋ ಕಾಸ್ಟ್ ಇಎಂಐ: ಹಬ್ಬದ ಫ್ರಿಜ್ಜಿಗೆ ಎರಡು ರೂಪಾಯಿ ಬಡ್ಡಿ

ಆಯುಧಪೂಜೆಯಿಂದ ದೀಪಾವಳಿವರೆಗೆ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿ ಹೊಕ್ಕರೂ ಬೆಲೆ ಸಣ್ಣಕ್ಷರದಲ್ಲಿ, ಕಂತು ದಪ್ಪಕ್ಷರದಲ್ಲಿ. ಸಂಬಳ ಏರದ, ಕೆಲಸವೇ ಗಟ್ಟಿಯಿಲ್ಲದ ವರ್ಷದಲ್ಲಿ ‘ತಿಂಗಳಿಗೆ ಐದೇ ಸಾವಿರ ಸಾರ್’ ಅನ್ನೋ ಮಾತು ಕಿವಿಗೆ ಹಿತವಾಗಿಯೇ ಇರುತ್ತದೆ. ಬಡ್ಡಿಯಿಲ್ಲದ ಮಾಸಿಕ ಕಂತು, ಅಂದರೆ ‘ನೋ ಕಾಸ್ಟ್ ಇಎಂಐ’ ಎಂದು ಹೇಳುವ ಆ ಐದು ಸಾವಿರವನ್ನೇ ಬಿಚ್ಚಿ ನೋಡೋಣ.

30,000 ರೂ.ನ ಫ್ರಿಜ್, ಕ್ರೆಡಿಟ್ ಕಾರ್ಡಿನಲ್ಲಿ 6 ಕಂತು, ಬ್ಯಾಂಕಿನ ಬಡ್ಡಿ ವರ್ಷಕ್ಕೆ 15% ಎಂದಿಟ್ಟುಕೊಳ್ಳಿ. ಬ್ಯಾಂಕೇನೂ ಬಡ್ಡಿ ಬಿಡುವುದಿಲ್ಲ. ಆರು ತಿಂಗಳ ಬಡ್ಡಿ ಸುಮಾರು 1,270 ರೂ. ಆಗುತ್ತದೆ. ಅಷ್ಟನ್ನು ಕಂಪನಿಯೋ ಅಂಗಡಿಯವರೋ ಮೊದಲೇ ರಿಯಾಯಿತಿಯಾಗಿ ಕಳೆದು, ಕಾರ್ಡಿಗೆ 28,730 ಹಾಕುತ್ತಾರೆ. ಬಡ್ಡಿ ಸೇರಿಸಿ ತಿರುಗಿ 30,000 ಆಗುತ್ತದೆ. ಇಲ್ಲಿಗೆ ಲೆಕ್ಕ ಸರಿ. ಆದರೆ ಕಾರ್ಡಿನ ಬಡ್ಡಿಯ ಮೇಲೆ 18% ಜಿಎಸ್‌ಟಿ ಇದೆ, ಅದು ಆರೂ ತಿಂಗಳಿಗೆ ಸೇರಿ 229 ರೂ. ಪ್ರೊಸೆಸಿಂಗ್ ಫೀ 199 ಇದ್ದರೆ ಅದಕ್ಕೂ ತೆರಿಗೆ ಸೇರಿ 235. ಮೊದಲ ತಿಂಗಳ ಬಿಲ್ಲು ಐದು ಸಾವಿರವಲ್ಲ, 5,300. ಒಟ್ಟು ಹೆಚ್ಚುವರಿ 460 ರೂ. ಚಿಲ್ಲರೆ.

ಅಷ್ಟೇ ಆಗಿದ್ದರೆ ದೂರುವಂಥದ್ದೇನಿರಲಿಲ್ಲ. ದೊಡ್ಡ ತೂತು ಇರುವುದು ಅಂಗಡಿಯ ಕೌಂಟರಿನಲ್ಲಿ. ಅದೇ ಫ್ರಿಜ್ಜನ್ನು ಒಂದೇ ಸಲ ದುಡ್ಡು ಕೊಟ್ಟು ಒಯ್ಯುವವರಿಗೆ 28,500ಕ್ಕೆ ಬಿಡಲು ಅಂಗಡಿಯವರು ತಯಾರಿದ್ದರೆ, ಕಂತಿನವರು ಕಟ್ಟುವುದು ಹತ್ತಿರಹತ್ತಿರ 1,960 ರೂ. ಹೆಚ್ಚು. ಹಳೇ ಲೆಕ್ಕದಲ್ಲಿ ಹೇಳುವುದಾದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಕೈಸಾಲಕ್ಕೆ ಈ ದರ ಕೇಳಿದರೆ ಮುಖ ಸಿಂಡರಿಸುವವರೇ ಇಲ್ಲಿ ಖುಷಿಯಿಂದ ಕಾರ್ಡು ಉಜ್ಜುತ್ತಾರೆ. ಹಾಗಾಗಿ ಇಎಂಐ ಸುದ್ದಿ ಎತ್ತುವ ಮೊದಲೇ ‘ಪೂರ್ತಿ ದುಡ್ಡು ಕೊಟ್ಟರೆ ಕೊನೇ ರೇಟು ಎಷ್ಟು?’ ಎಂದು ಕೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೇ ಫ್ರಿಜ್ಜಿನ ಎಕ್ಸ್‌ಚೇಂಜ್ ಬೆಲೆಯನ್ನು ಆಮೇಲೆ ಬೇರೆಯಾಗಿ ಕೇಳಬೇಕು. ಎರಡನ್ನೂ ಕಲಸಿದರೆ ಒಂದರಲ್ಲಿ ಕೊಟ್ಟಿದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಸುಲಭ.

ಈ ಬಡ್ಡಿಯಾಟ ಹೊಸದಲ್ಲ. ‘ಸೊನ್ನೆ ಬಡ್ಡಿ’ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. 2022ರಿಂದ ಇರುವ ಕಾರ್ಡ್ ನಿಯಮಗಳ ಪ್ರಕಾರ ಅಸಲು, ಬಡ್ಡಿ, ಕೊಟ್ಟ ರಿಯಾಯಿತಿ ಮೂರನ್ನೂ ಕಂತು ಮಾಡುವ ಮೊದಲೇ ತೋರಿಸಬೇಕು, ಬಿಲ್ಲಿನಲ್ಲೂ ಬೇರೆಬೇರೆ ನಮೂದಿಸಬೇಕು. ಆನ್‌ಲೈನಿನಲ್ಲಿ ಇದು ‘ಡೀಟೇಲ್ಸ್’ ಒತ್ತಿದರೆ ಸಿಗುತ್ತದೆ. ಅಂಗಡಿಯಲ್ಲಿ ಸ್ವೈಪ್ ಯಂತ್ರದಿಂದ ಬರುವ ಉದ್ದನೆ ಚೀಟಿ ಓದಬೇಕು. ಅದರ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು, ಅಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ. ರಿಯಾಯಿತಿ ಮೊದಲೇ ಕಳೆಯದೆ ‘ಕ್ಯಾಶ್‌ಬ್ಯಾಕ್ ಆಮೇಲೆ’ ಎಂದಿದ್ದರೆ ಆ ಚೀಟಿಯೇ ಸಾಕ್ಷಿ.

ಆದಾಯ ಅಲ್ಲಾಡುವವರಿಗೆ ನಿಜವಾದ ತೊಂದರೆ ಮುಂದಿದೆ. ಕೊಂಡ ದಿನವೇ ಕಾರ್ಡಿನ ಮಿತಿಯಲ್ಲಿ 28,730 ಕಟ್ಟಿಹೋಗುತ್ತದೆ, ಕಂತು ತೀರಿದಷ್ಟೇ ಬಿಡುಗಡೆ. ಆಸ್ಪತ್ರೆ ಖರ್ಚಿಗೆಂದು ಇಟ್ಟುಕೊಂಡ ಕಾರ್ಡು ಅದೇ ಆಗಿದ್ದರೆ ಕಷ್ಟ. ಕೆಲಸ ಹೋಗಿ ಒಂದು ಬಿಲ್ಲು ಪೂರ್ತಿ ಕಟ್ಟಲಾಗದಿದ್ದರೆ ಬಾಕಿಗೆ ತಿಂಗಳಿಗೆ 3%ಗೂ ಹೆಚ್ಚು ಬೀಳುವುದು ಸಾಮಾನ್ಯ. ಅಷ್ಟಕ್ಕೇ ನಿಲ್ಲದೆ, ಹೊಸದಾಗಿ ತಂದ ದಿನಸಿಗೂ ಅಂದಿನಿಂದಲೇ ಬಡ್ಡಿ ಓಡುತ್ತದೆ. ಮುಂಚಿತವಾಗಿ ತೀರಿಸಹೋದರೆ ಉಳಿದ ಅಸಲಿನ ಮೇಲೆ 3% ದಂಡ ಹಾಕುವ ಬ್ಯಾಂಕುಗಳಿವೆ. ವಸ್ತು ವಾಪಸ್ ಮಾಡಿದಾಗಲೂ ಎಚ್ಚರ: ದುಡ್ಡು ಕಾರ್ಡಿಗೆ ಮರಳಿದ ಮಾತ್ರಕ್ಕೆ ಕಂತು ನಿಲ್ಲದಿರಬಹುದು. ಬ್ಯಾಂಕಿಗೆ ಫೋನ್ ಮಾಡಿ ಇಎಂಐ ರದ್ದು ಮಾಡಿಸಬೇಕು. ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ಹೋದದ್ದೇ.

ಕಾರ್ಡಿಲ್ಲದವರನ್ನು ಮೂಲೆಯ ಫೈನಾನ್ಸ್ ಮೇಜಿಗೆ ಕಳಿಸುತ್ತಾರೆ. ಅಲ್ಲಿನ ‘ಟೆನ್ ಬೈ ಫೋರ್’ ಅಂದರೆ ಹತ್ತು ಕಂತು, ನಾಲ್ಕು ಈಗಲೇ. 30,000ಕ್ಕೆ ಇಂದೇ 12,000 ಎಣಿಸಬೇಕು, ಸಾಲ ಸಿಗುವುದು 18,000ಕ್ಕೆ, ಆರೇ ತಿಂಗಳಿಗೆ. ಇಲ್ಲಿ ಬಡ್ಡಿಗೆ ಜಿಎಸ್‌ಟಿ ಇಲ್ಲ, ಫೀಗಳಿಗೆ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಬರೆದ ಮುಖ್ಯಾಂಶ ಪತ್ರ (ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್) ಕೊಡಲೇಬೇಕು. ಒಟಿಪಿ ಹೇಳುವ ಮುನ್ನ ಅದನ್ನು ಕೇಳಿ ಓದಿ. ಎಕ್ಸ್‌ಟೆಂಡೆಡ್ ವಾರಂಟಿ, ಇನ್ಶೂರೆನ್ಸ್ ಸದ್ದಿಲ್ಲದೆ ಸಾಲದೊಳಗೆ ಸೇರಿವೆಯೇ ಎಂಬುದೂ ಗೊತ್ತಾಗುತ್ತದೆ.

ಇನ್ನು ‘ಜಿಎಸ್‌ಟಿ ಇಳಿದಿದೆ’ ಎಂಬ ಬ್ಯಾನರು. 2025ರ ಸೆಪ್ಟೆಂಬರ್ 22ರಿಂದ 28%ರಿಂದ 18%ಕ್ಕೆ ಇಳಿದದ್ದು ಎಸಿ, ಡಿಶ್‌ವಾಶರ್, 32 ಇಂಚಿಗಿಂತ ದೊಡ್ಡ ಟಿವಿಗಳಿಗೆ. ಫ್ರಿಜ್, ವಾಷಿಂಗ್ ಮಷಿನ್ 2018ರಿಂದಲೇ 18%ರಲ್ಲಿದ್ದವು.

ಹಾಗಾದರೆ ಈ ಸ್ಕೀಮು ಯಾರಿಗೆ? ನಗದು ಕೊಟ್ಟರೂ ಒಂದು ರೂಪಾಯಿ ಇಳಿಯದ ವಸ್ತು, ಫೀ ಇಲ್ಲದ ಅಥವಾ 199ರ ಕಾರ್ಡು, ಪೂರ್ತಿ ದುಡ್ಡು ಆಗಲೇ ಎಫ್‌ಡಿಯಲ್ಲಿದೆ ಎನ್ನುವವರಿಗೆ. ನಮ್ಮ ಲೆಕ್ಕದ ಫ್ರಿಜ್ಜಿಗೆ, ಕಂತಿಗೆಂದು ತಿಂಗಳುತಿಂಗಳು ಐದು ಸಾವಿರ ತೆಗೆಯುತ್ತಾ ಹೋದರೆ, ವರ್ಷಕ್ಕೆ 6.5%ರ ಎಫ್‌ಡಿ ಬಡ್ಡಿ ಸುಮಾರು 570 ರೂ. ಬರುತ್ತದೆ, ಖರ್ಚು 460. ನೂರು ರೂಪಾಯಿ ಲಾಭ, ಅದೂ ತೆರಿಗೆಗೆ ಮುಂಚೆ. ಅಂಗಡಿಗೆ ಹೋಗಿಬರುವ ಆಟೋ ಖರ್ಚೂ ಹುಟ್ಟುವುದಿಲ್ಲ.